ಬೆಂಗಳೂರಿನಲ್ಲಿ ಗ್ರ್ಯಾಂಡ್ ಸ್ಲಾಮ್ ಟೆನಿಸ್ ವೀಕ್ಷಣೆ

ಗ್ರ್ಯಾಂಡ್ ಸ್ಲಾಮ್ ಎಂಬುದು ಆಸ್ಟ್ರೇಲಿಯನ್ ಓಪನ್, ಫ್ರೆಂಚ್ ಓಪನ್, ವಿಂಬಲ್ಡನ್ ಮತ್ತು ಯು.ಎಸ್. ಓಪನ್ ಎಂಬ ನಾಲ್ಕು ಪ್ರಮುಖ ವೃತ್ತಿಪರ ಟೆನಿಸ್ ಪಂದ್ಯಾವಳಿಗಳಿಗೆ ಇರುವ ಸಾಮಾನ್ಯ ಹೆಸರು. ಇವು ಅನುಕ್ರಮವಾಗಿ ಮೆಲ್ಬರ್ನ್, ಪ್ಯಾರಿಸ್, ಲಂಡನ್ ಮತ್ತು ನ್ಯೂಯಾರ್ಕ್ ನಗರಗಳಲ್ಲಿ ನಡೆಯುತ್ತವೆ. ಬೆಂಗಳೂರಿನ ಬಹುಪಾಲು ಅಭಿಮಾನಿಗಳು ಇವನ್ನು ಟಿ.ವಿ. ಅಥವಾ ಮೊಬೈಲ್ ಪರದೆಯ ಮೇಲೆ, ಬೇರೊಂದು ದೇಶದ ಗಡಿಯಾರಕ್ಕೆ ಹೊಂದಿಕೊಂಡು ನೋಡುತ್ತಾರೆ. ಕರ್ನಾಟಕದ ವೀಕ್ಷಕರಿಗೆ ಇನ್ನೊಂದು ವಿಶೇಷ ಸಂಗತಿಯಿದೆ. ಈ ರಾಜ್ಯದ ಆಟಗಾರರು ಗ್ರ್ಯಾಂಡ್ ಸ್ಲಾಮ್‌ಗಳಲ್ಲಿ ದೊಡ್ಡ ಯಶಸ್ಸು ಪಡೆದಿರುವುದು ಡಬಲ್ಸ್ ವಿಭಾಗಗಳಲ್ಲಿ. ಆದರೆ ಪ್ರಸಾರದಲ್ಲಿ ಹೆಚ್ಚಿನ ಅವಕಾಶ ದೊರೆಯುವುದು ಸಿಂಗಲ್ಸ್‌ಗೆ. ಹೀಗಾಗಿ ತಮ್ಮ ನಾಡಿನ ಆಟಗಾರರನ್ನು ಹಿಂಬಾಲಿಸಬಯಸುವವರು ಪಂದ್ಯಾವಳಿಯ ರಚನೆಯನ್ನೂ ದಿನದ ವೇಳಾಪಟ್ಟಿಯನ್ನೂ ತಿಳಿದಿರುವುದು ಅಗತ್ಯವಾಗುತ್ತದೆ.

ಪಂದ್ಯಾವಳಿಯ ರಚನೆ

ಗ್ರ್ಯಾಂಡ್ ಸ್ಲಾಮ್‌ನ ಪುರುಷರ ಮತ್ತು ಮಹಿಳೆಯರ ಸಿಂಗಲ್ಸ್ ವಿಭಾಗಗಳ ಪ್ರಧಾನ ಸುತ್ತಿನಲ್ಲಿ ತಲಾ 128 ಆಟಗಾರರಿರುತ್ತಾರೆ. ಸೋತವರು ಹೊರಬೀಳುವ ಪದ್ಧತಿಯಾದ ಕಾರಣ ಪ್ರತಿ ವಿಭಾಗದಲ್ಲಿ ಒಟ್ಟು 127 ಪಂದ್ಯಗಳು ನಡೆಯುತ್ತವೆ. ಪ್ರಶಸ್ತಿ ಗೆಲ್ಲಲು ಏಳು ಪಂದ್ಯಗಳನ್ನು ಗೆಲ್ಲಬೇಕು. ಬಹುತೇಕ ಆಟಗಾರರು ವಿಶ್ವ ರ್‍ಯಾಂಕಿಂಗ್ ಆಧಾರದ ಮೇಲೆ ನೇರ ಪ್ರವೇಶ ಪಡೆಯುತ್ತಾರೆ. ಕೆಲವರಿಗೆ ಸಂಘಟಕರು ವೈಲ್ಡ್ ಕಾರ್ಡ್ ನೀಡುತ್ತಾರೆ. ಮುಂಚಿನ ವಾರ ನಡೆಯುವ ಅರ್ಹತಾ ಸುತ್ತಿನಲ್ಲಿ ಸತತ ಮೂರು ಪಂದ್ಯ ಗೆದ್ದವರಿಗೂ ಸ್ಥಾನ ದೊರೆಯುತ್ತದೆ. ಭಾರತದ ಸಿಂಗಲ್ಸ್ ಆಟಗಾರರು ಹಲವು ಬಾರಿ ಈ ಕೊನೆಯ ದಾರಿಯಿಂದಲೇ ಬಂದಿದ್ದಾರೆ. ಆದುದರಿಂದ ಭಾರತೀಯ ಅಭಿಮಾನಿಗೆ ಪಂದ್ಯಾವಳಿಯು ಅಧಿಕೃತ ಆರಂಭಕ್ಕಿಂತ ಒಂದು ವಾರ ಮೊದಲೇ ಶುರುವಾಗುತ್ತದೆ.

ಅಗ್ರ 32 ಆಟಗಾರರಿಗೆ ಶ್ರೇಯಾಂಕ ನೀಡಿ, ಮೂರನೇ ಸುತ್ತಿಗೆ ಮುನ್ನ ಅವರು ಪರಸ್ಪರ ಎದುರಾಗದಂತೆ ಡ್ರಾ ರಚಿಸಲಾಗುತ್ತದೆ. ಮೊದಲ ಮತ್ತು ಎರಡನೇ ಶ್ರೇಯಾಂಕದವರು ಫೈನಲ್‌ನಲ್ಲಿ ಮಾತ್ರ ಸಂಧಿಸಲು ಸಾಧ್ಯ. ಉಳಿದವರ ಸ್ಥಾನವನ್ನು ಚೀಟಿ ಎತ್ತಿದಂತೆ ನಿರ್ಧರಿಸಲಾಗುತ್ತದೆ. ಶ್ರೇಯಾಂಕವಿಲ್ಲದ ಆಟಗಾರನಿಗೆ ಮೊದಲ ದಿನವೇ ಅಗ್ರ ಆಟಗಾರ ಎದುರಾಗಬಹುದು ಅಥವಾ ತನ್ನ ಮಟ್ಟದವನೇ ಸಿಗಬಹುದು. ಈ ಕಾರಣಕ್ಕೆ ಡ್ರಾ ಪ್ರಕಟವಾಗುವ ದಿನವು ಅಭಿಮಾನಿಗಳಿಗೆ ಪಂದ್ಯದ ದಿನದಷ್ಟೇ ಮುಖ್ಯ.

ಪುರುಷರ ಸಿಂಗಲ್ಸ್‌ನಲ್ಲಿ ಐದು ಸೆಟ್‌ಗಳ ಪೈಕಿ ಮೂರನ್ನು, ಮಹಿಳೆಯರ ಸಿಂಗಲ್ಸ್‌ನಲ್ಲಿ ಮೂರರ ಪೈಕಿ ಎರಡನ್ನು ಗೆದ್ದವರು ವಿಜೇತರು. 2022ರಿಂದ ನಾಲ್ಕೂ ಪಂದ್ಯಾವಳಿಗಳಲ್ಲಿ ನಿರ್ಣಾಯಕ ಸೆಟ್ 6–6ರಲ್ಲಿ ಸಮವಾದರೆ 10 ಅಂಕಗಳ ಟೈಬ್ರೇಕ್ ಆಡಿಸಲಾಗುತ್ತದೆ. ಪುರುಷರ ಮತ್ತು ಮಹಿಳೆಯರ ಡಬಲ್ಸ್‌ನಲ್ಲಿ ತಲಾ 64 ಜೋಡಿಗಳಿದ್ದು, ಪ್ರಶಸ್ತಿಗೆ ಆರು ಗೆಲುವು ಬೇಕು.

ಭಾರತೀಯ ಕಾಲಮಾನದಲ್ಲಿ ಪಂದ್ಯಗಳು

ನಾಲ್ಕು ಪಂದ್ಯಾವಳಿಗಳು ನಾಲ್ಕು ಭಿನ್ನ ಕಾಲವಲಯಗಳಲ್ಲಿ ನಡೆಯುವುದರಿಂದ ವೀಕ್ಷಕರ ದಿನಚರಿಯೂ ನಾಲ್ಕು ಬಗೆಯಾಗುತ್ತದೆ.

ಆಸ್ಟ್ರೇಲಿಯನ್ ಓಪನ್ (ಜನವರಿ): ಮೆಲ್ಬರ್ನ್ ಭಾರತಕ್ಕಿಂತ ಐದೂವರೆ ಗಂಟೆ ಮುಂದಿದೆ. ಅಲ್ಲಿ ಬೆಳಿಗ್ಗೆ 11ಕ್ಕೆ ಆರಂಭವಾಗುವ ಆಟ ಇಲ್ಲಿ ಬೆಳಗಿನ ಜಾವ 5.30ಕ್ಕೆ, ಸಂಜೆ 7ರ ಆಟ ಮಧ್ಯಾಹ್ನ 1.30ಕ್ಕೆ ಬರುತ್ತದೆ. ಸಂಕ್ರಾಂತಿಯ ಆಸುಪಾಸಿನ ಚಳಿಯಲ್ಲಿ ಬೇಗ ಏಳಬೇಕಾದ ಪಂದ್ಯಾವಳಿ ಇದು.

ಫ್ರೆಂಚ್ ಓಪನ್ (ಮೇ–ಜೂನ್): ಪ್ಯಾರಿಸ್ ಆ ಋತುವಿನಲ್ಲಿ ಮೂರೂವರೆ ಗಂಟೆ ಹಿಂದಿರುತ್ತದೆ. ಬೆಳಿಗ್ಗೆ 11ರ ಪಂದ್ಯಗಳು ಇಲ್ಲಿ ಮಧ್ಯಾಹ್ನ 2.30ಕ್ಕೆ ಆರಂಭವಾಗುತ್ತವೆ. ರಾತ್ರಿ 8.15ರ ವಿಶೇಷ ಪಂದ್ಯ ಇಲ್ಲಿ ನಡುರಾತ್ರಿಗೆ ಕಾಲು ಗಂಟೆ ಇರುವಾಗ ಶುರುವಾಗುತ್ತದೆ.

ವಿಂಬಲ್ಡನ್ (ಜೂನ್ ಕೊನೆ–ಜುಲೈ): ವ್ಯತ್ಯಾಸ ನಾಲ್ಕೂವರೆ ಗಂಟೆ. ಹೊರ ಅಂಕಣಗಳ ಆಟ ಮಧ್ಯಾಹ್ನ 3.30ಕ್ಕೆ, ಸೆಂಟರ್ ಕೋರ್ಟ್‌ನ ಆಟ ಸಾಮಾನ್ಯವಾಗಿ ಸಂಜೆ 6ಕ್ಕೆ ಆರಂಭ. ಸ್ಥಳೀಯ ನಿಯಮದಂತೆ ಅಲ್ಲಿ ರಾತ್ರಿ 11ಕ್ಕೆ ಆಟ ನಿಲ್ಲಿಸಬೇಕು. ಅದು ಭಾರತದ 3.30ರ ನಸುಕು. ಶಾಲೆ ಮತ್ತು ಕಚೇರಿಗೆ ಹೋಗುವವರಿಗೆ ಅತ್ಯಂತ ಅನುಕೂಲವಾದ ಗ್ರ್ಯಾಂಡ್ ಸ್ಲಾಮ್ ಇದೇ.

ಯು.ಎಸ್. ಓಪನ್ (ಆಗಸ್ಟ್–ಸೆಪ್ಟೆಂಬರ್): ನ್ಯೂಯಾರ್ಕ್ ಒಂಬತ್ತೂವರೆ ಗಂಟೆ ಹಿಂದಿರುತ್ತದೆ. ಅಲ್ಲಿಯ ಬೆಳಗಿನ 11 ಗಂಟೆ ಇಲ್ಲಿಯ ರಾತ್ರಿ 8.30; ಅಲ್ಲಿಯ ಸಂಜೆ 7 ಇಲ್ಲಿ ಮರುದಿನದ ಮುಂಜಾನೆ 4.30. ಹಲವು ವರ್ಷಗಳಲ್ಲಿ ಇದು ಗೌರಿ–ಗಣೇಶ ಹಬ್ಬದ ದಿನಗಳೊಂದಿಗೆ ಕೂಡಿಬರುತ್ತದೆ.

ಆರಂಭದ ವೇಳೆಯನ್ನು ಸಂಘಟಕರು ಆಗಾಗ ಬದಲಿಸುವುದುಂಟು. ಉದಾಹರಣೆಗೆ, ವಿಂಬಲ್ಡನ್ ಸಿಂಗಲ್ಸ್ ಫೈನಲ್‌ಗಳು 2025ರಿಂದ ಸ್ಥಳೀಯ ಸಮಯ 2ರ ಬದಲು 4 ಗಂಟೆಗೆ, ಅಂದರೆ ಭಾರತದಲ್ಲಿ ರಾತ್ರಿ 8.30ಕ್ಕೆ ಆರಂಭವಾಗುತ್ತಿವೆ.

ದಿನದ ಆಟದ ಪಟ್ಟಿ

ಕ್ರಿಕೆಟ್ ಪಂದ್ಯಕ್ಕೆ ಇರುವಂತೆ ಪ್ರತಿ ಟೆನಿಸ್ ಪಂದ್ಯಕ್ಕೂ ನಿಗದಿತ ಸಮಯ ಇರುವುದಿಲ್ಲ. ಸಂಘಟಕರು ಹಿಂದಿನ ದಿನ ಪ್ರಕಟಿಸುವ ಆಟದ ಪಟ್ಟಿಯು ಯಾವ ಅಂಕಣದಲ್ಲಿ ಯಾವ ಪಂದ್ಯ ಎಷ್ಟನೆಯದು ಎಂಬುದನ್ನು ಮಾತ್ರ ತಿಳಿಸುತ್ತದೆ. ಮೊದಲ ಪಂದ್ಯದ ವೇಳೆ ಖಚಿತವಾಗಿರುತ್ತದೆ. ನಂತರದವು ಹಿಂದಿನದು ಮುಗಿದ ಮೇಲೆ ಆರಂಭವಾಗುತ್ತವೆ. ಕೆಲವಕ್ಕೆ 'ಇಂಥ ಸಮಯಕ್ಕಿಂತ ಮುಂಚೆ ಇಲ್ಲ' ಎಂಬ ಸೂಚನೆ ಇರುತ್ತದೆ. ನಾಲ್ಕನೆಯ ಪಂದ್ಯಕ್ಕಾಗಿ ಕಾಯುವವರು ಮೊದಲಿನ ಮೂರು ಪಂದ್ಯಗಳ ಅಂಕಗಳನ್ನೂ ಗಮನಿಸುತ್ತಿರಬೇಕಾಗುತ್ತದೆ. ಪುರುಷರ ಪಂದ್ಯವೊಂದು ಐದನೇ ಸೆಟ್‌ಗೆ ಹೋದರೆ ಅದರ ಹಿಂದಿನ ಸಾಲೆಲ್ಲ ಹಿಂದೆ ಸರಿಯುತ್ತದೆ.

ಮಳೆ ಬಂದಾಗ ಈ ವ್ಯತ್ಯಯ ಇನ್ನೂ ಹೆಚ್ಚುತ್ತದೆ. ವಿಂಬಲ್ಡನ್ ಸೆಂಟರ್ ಕೋರ್ಟ್‌ಗೆ 2009ರಲ್ಲಿ, ನ್ಯೂಯಾರ್ಕಿನ ಆರ್ಥರ್ ಆ್ಯಶ್ ಕ್ರೀಡಾಂಗಣಕ್ಕೆ 2016ರಲ್ಲಿ, ಪ್ಯಾರಿಸ್ಸಿನ ಫಿಲಿಪ್ ಶಾತ್ರಿಯೆ ಅಂಕಣಕ್ಕೆ 2020ರಲ್ಲಿ ಮುಚ್ಚುವ ಚಾವಣಿ ಬಂದಿದೆ. ಮೆಲ್ಬರ್ನ್‌ನ ಮುಖ್ಯ ಅಂಕಣಕ್ಕೆ 1988ರಿಂದಲೇ ಈ ಸೌಲಭ್ಯವಿದೆ. ಆದರೆ ಆರಂಭಿಕ ಸುತ್ತುಗಳ ಡಬಲ್ಸ್ ಪಂದ್ಯಗಳು ಬಹುತೇಕ ಚಾವಣಿಯಿಲ್ಲದ ಹೊರ ಅಂಕಣಗಳಲ್ಲಿ ನಡೆಯುತ್ತವೆ. ಆದ್ದರಿಂದ ಮಳೆಯಿಂದ ಮುಂದೂಡಲ್ಪಡುವ ಸಾಧ್ಯತೆ ಅವುಗಳಿಗೇ ಹೆಚ್ಚು. ಟಿ.ವಿ. ವಾಹಿನಿ ಮುಖ್ಯ ಅಂಕಣದ ಆಟವನ್ನು ತೋರಿಸುತ್ತಿರುವಾಗ ಹೊರ ಅಂಕಣದ ಡಬಲ್ಸ್ ಪಂದ್ಯವನ್ನು ಅನೇಕರು ಕೇವಲ ಅಂಕಪಟ್ಟಿಯ ಮೂಲಕ ಅನುಸರಿಸುತ್ತಾರೆ.

ಡಬಲ್ಸ್ ಮತ್ತು ಕರ್ನಾಟಕ

ಭಾರತಕ್ಕೆ ಮೊದಲ ಗ್ರ್ಯಾಂಡ್ ಸ್ಲಾಮ್ ಪ್ರಶಸ್ತಿ ತಂದವರು ಬೆಂಗಳೂರಿನೊಂದಿಗೆ ದೀರ್ಘಕಾಲದ ನಂಟು ಹೊಂದಿರುವ ಮಹೇಶ್ ಭೂಪತಿ. ಅವರು 1997ರ ಫ್ರೆಂಚ್ ಓಪನ್ ಮಿಶ್ರ ಡಬಲ್ಸ್‌ನಲ್ಲಿ ಜಪಾನಿನ ರಿಕಾ ಹಿರಾಕಿ ಜೊತೆಗೂಡಿ ಗೆದ್ದರು. 1999ರಲ್ಲಿ ಲಿಯಾಂಡರ್ ಪೇಸ್ ಜೊತೆ ಫ್ರೆಂಚ್ ಓಪನ್ ಮತ್ತು ವಿಂಬಲ್ಡನ್ ಪುರುಷರ ಡಬಲ್ಸ್ ಪ್ರಶಸ್ತಿಗಳು ಬಂದವು.

ಡಬಲ್ಸ್ ಆಟಗಾರನ ವೃತ್ತಿಜೀವನ ಎಷ್ಟು ದೀರ್ಘವಾಗಬಲ್ಲದು ಎಂಬುದಕ್ಕೆ ಕೊಡಗಿನ ರೋಹನ್ ಬೋಪಣ್ಣ ಉತ್ತಮ ನಿದರ್ಶನ. 1980ರಲ್ಲಿ ಜನಿಸಿದ ಅವರು 2010ರಲ್ಲಿ ಪಾಕಿಸ್ತಾನದ ಐಸಾಮ್ ಉಲ್ ಹಕ್ ಖುರೇಷಿ ಜೊತೆ ಯು.ಎಸ್. ಓಪನ್ ಫೈನಲ್ ತಲುಪಿ, ಅಮೆರಿಕದ ಬ್ರಯಾನ್ ಸಹೋದರರಿಗೆ ಸೋತರು. 2017ರಲ್ಲಿ ಕೆನಡಾದ ಗೇಬ್ರಿಯೆಲಾ ಡಬ್ರೋವ್‌ಸ್ಕಿ ಜೊತೆ ಫ್ರೆಂಚ್ ಓಪನ್ ಮಿಶ್ರ ಡಬಲ್ಸ್ ಪ್ರಶಸ್ತಿ ಗೆದ್ದರು. ಪುರುಷರ ಡಬಲ್ಸ್ ಪ್ರಶಸ್ತಿ ಮಾತ್ರ ಕೈಗೆ ಸಿಗಲಿಲ್ಲ. ತಿಂಗಳುಗಟ್ಟಲೆ ಒಂದು ಪಂದ್ಯವನ್ನೂ ಗೆಲ್ಲಲಾಗದೆ ಆಟ ಬಿಡುವ ಯೋಚನೆಯನ್ನು ಪತ್ನಿಗೆ ತಿಳಿಸಿದ್ದುದನ್ನು ಅವರೇ ಮುಂದೆ ಬಹಿರಂಗವಾಗಿ ಹೇಳಿಕೊಂಡಿದ್ದಾರೆ. 2023ರ ಯು.ಎಸ್. ಓಪನ್ ಫೈನಲ್‌ನಲ್ಲೂ ಆಸ್ಟ್ರೇಲಿಯಾದ ಮ್ಯಾಥ್ಯೂ ಎಬ್ಡೆನ್ ಜೊತೆಗೂಡಿ ಸೋತರು.

2024ರ ಜನವರಿ 27ರಂದು, 43ನೇ ವಯಸ್ಸಿನಲ್ಲಿ, ಬೋಪಣ್ಣ–ಎಬ್ಡೆನ್ ಜೋಡಿ ಆಸ್ಟ್ರೇಲಿಯನ್ ಓಪನ್ ಫೈನಲ್‌ನಲ್ಲಿ ಇಟಲಿಯ ಸಿಮೋನೆ ಬೊಲೆಲ್ಲಿ ಮತ್ತು ಆಂಡ್ರಿಯಾ ವಾವಸ್ಸೋರಿ ಅವರನ್ನು 7–6, 7–5ರಿಂದ ಸೋಲಿಸಿತು. ಮೆಲ್ಬರ್ನ್‌ನ ರಾತ್ರಿಯ ಆ ಪಂದ್ಯ ಭಾರತದಲ್ಲಿ ಶನಿವಾರದ ಸಂಜೆ ಪ್ರಸಾರವಾಯಿತು. ಮುಕ್ತ ಯುಗದಲ್ಲಿ ಗ್ರ್ಯಾಂಡ್ ಸ್ಲಾಮ್ ಪುರುಷರ ಡಬಲ್ಸ್ ಗೆದ್ದ ಅತ್ಯಂತ ಹಿರಿಯ ಆಟಗಾರ ಎಂಬ ದಾಖಲೆ ಅವರದಾಯಿತು. ಅದರ ಬೆನ್ನಲ್ಲೇ ಅವರು ಡಬಲ್ಸ್ ರ್‍ಯಾಂಕಿಂಗ್‌ನಲ್ಲಿ ವಿಶ್ವದ ಮೊದಲ ಸ್ಥಾನಕ್ಕೇರಿದರು. ಅದೇ ವರ್ಷ ಅವರಿಗೆ ಪದ್ಮಶ್ರೀ ಪ್ರಶಸ್ತಿ ಸಂದಿತು. 2025ರ ನವೆಂಬರ್‌ನಲ್ಲಿ ಅವರು ವೃತ್ತಿಪರ ಟೆನಿಸ್‌ಗೆ ವಿದಾಯ ಘೋಷಿಸಿದರು. ಪ್ರಶಸ್ತಿ ಗೆದ್ದ ಸಂಜೆ ಮಾತ್ರ ನೋಡಿದವರಿಗೆ ಕಾಣದ ದೀರ್ಘ ಸೋಲು–ಗೆಲುವಿನ ಹಾದಿಯು ಹೊರ ಅಂಕಣಗಳ ಪಂದ್ಯಗಳನ್ನು ವರ್ಷಗಟ್ಟಲೆ ಅನುಸರಿಸಿದವರಿಗೆ ಪರಿಚಿತವಾಗಿತ್ತು.

ಬೆಂಗಳೂರಿನ ಪಂದ್ಯಾವಳಿಗಳು

ಗ್ರ್ಯಾಂಡ್ ಸ್ಲಾಮ್ ಮಟ್ಟದ ಆಟಗಾರರನ್ನು ಪ್ರತ್ಯಕ್ಷ ನೋಡುವ ಅವಕಾಶ ಬೆಂಗಳೂರಿಗರಿಗೆ ಕಬ್ಬನ್ ಉದ್ಯಾನದಲ್ಲಿರುವ ಕರ್ನಾಟಕ ರಾಜ್ಯ ಲಾನ್ ಟೆನಿಸ್ ಸಂಸ್ಥೆಯ ಕ್ರೀಡಾಂಗಣದಲ್ಲಿ ದೊರೆತಿದೆ. ಇದಕ್ಕೆ ಈಗ ಮಾಜಿ ಮುಖ್ಯಮಂತ್ರಿ ಎಸ್.ಎಂ. ಕೃಷ್ಣ ಅವರ ಹೆಸರಿದೆ. 2008ರ ಮಾರ್ಚ್‌ನಲ್ಲಿ ಇಲ್ಲಿ ನಡೆದ ಮಹಿಳೆಯರ ಬೆಂಗಳೂರು ಓಪನ್ ಸೆಮಿಫೈನಲ್‌ನಲ್ಲಿ ಸೆರೆನಾ ವಿಲಿಯಮ್ಸ್ ತಮ್ಮ ಅಕ್ಕ ವೀನಸ್ ಅವರನ್ನು ಮೂರು ಸೆಟ್‌ಗಳಲ್ಲಿ ಸೋಲಿಸಿ, ಬಳಿಕ ಪ್ರಶಸ್ತಿಯನ್ನೂ ಗೆದ್ದರು. ನಾಲ್ಕು ತಿಂಗಳ ನಂತರ ಅದೇ ಸಹೋದರಿಯರು ವಿಂಬಲ್ಡನ್ ಫೈನಲ್‌ನಲ್ಲಿ ಎದುರಾದಾಗ ವೀನಸ್ ಗೆದ್ದರು. 2014ರ ಸೆಪ್ಟೆಂಬರ್‌ನಲ್ಲಿ ಭಾರತ–ಸರ್ಬಿಯಾ ಡೇವಿಸ್ ಕಪ್ ಹಣಾಹಣಿಯೂ ಇಲ್ಲಿಯೇ ನಡೆಯಿತು. ಅದರ ಡಬಲ್ಸ್‌ನಲ್ಲಿ ಪೇಸ್–ಬೋಪಣ್ಣ ಜೋಡಿ ಮೊದಲ ಎರಡು ಸೆಟ್ ಕಳೆದುಕೊಂಡ ಮೇಲೆ ಉಳಿದ ಮೂರನ್ನೂ ಗೆದ್ದಿತು. ಆದರೂ ಒಟ್ಟು ಫಲಿತಾಂಶ 3–2ರಿಂದ ಸರ್ಬಿಯಾ ಪಾಲಾಯಿತು.

ಪುರುಷರ ಬೆಂಗಳೂರು ಓಪನ್ ಚಾಲೆಂಜರ್ ಮಟ್ಟದ ಪಂದ್ಯಾವಳಿ. ಚಾಲೆಂಜರ್‌ಗಳ ಶ್ರೇಣಿಯನ್ನು ವಿಜೇತರಿಗೆ ದೊರೆಯುವ ರ್‍ಯಾಂಕಿಂಗ್ ಅಂಕಗಳಿಂದ ಗುರುತಿಸಲಾಗುತ್ತದೆ. 2025ರ ಬೆಂಗಳೂರು ಆವೃತ್ತಿ 125ರ ಶ್ರೇಣಿಯದು; ಗ್ರ್ಯಾಂಡ್ ಸ್ಲಾಮ್ ವಿಜೇತರಿಗೆ ದೊರೆಯುವುದು 2,000 ಅಂಕ. ಅಂತರ ದೊಡ್ಡದಾದರೂ ಎರಡರ ನಡುವಿನ ಸಂಬಂಧ ನೇರವಾದುದು. ಚಾಲೆಂಜರ್ ಆಡುವ ಅನೇಕರು ಗ್ರ್ಯಾಂಡ್ ಸ್ಲಾಮ್ ಅರ್ಹತಾ ಸುತ್ತಿಗೋ ಪ್ರಧಾನ ಸುತ್ತಿಗೋ ಬೇಕಾದ ರ್‍ಯಾಂಕಿಂಗ್‌ಗಾಗಿ ಹೋರಾಡುತ್ತಿರುತ್ತಾರೆ. 2017ರಲ್ಲಿ ಇಲ್ಲಿ ಪ್ರಶಸ್ತಿ ಗೆದ್ದ ಸುಮಿತ್ ನಾಗಲ್ 2019ರ ಯು.ಎಸ್. ಓಪನ್‌ನಲ್ಲಿ ಅರ್ಹತಾ ಸುತ್ತಿನಿಂದ ಬಂದು ರೋಜರ್ ಫೆಡರರ್ ವಿರುದ್ಧ ಮೊದಲ ಸೆಟ್ ಗೆದ್ದರು. 2024ರ ಆಸ್ಟ್ರೇಲಿಯನ್ ಓಪನ್‌ನಲ್ಲಿ 31ನೇ ಶ್ರೇಯಾಂಕದ ಅಲೆಕ್ಸಾಂಡರ್ ಬುಬ್ಲಿಕ್ ಅವರನ್ನು ಸೋಲಿಸಿದರು. 2018ರಲ್ಲಿ ಇಲ್ಲಿ ಗೆದ್ದ ಪ್ರಜ್ಞೇಶ್ ಗುಣೇಶ್ವರನ್ ಮರು ವರ್ಷದ ಆರಂಭದಲ್ಲಿ ಆಸ್ಟ್ರೇಲಿಯನ್ ಓಪನ್ ಪ್ರಧಾನ ಸುತ್ತಿಗೆ ಅರ್ಹತೆ ಪಡೆದು, ಬಳಿಕ ವಿಶ್ವದ ಅಗ್ರ 100ರೊಳಗೆ ಸ್ಥಾನ ಗಳಿಸಿದರು.

ದಕ್ಷಿಣ ಬೆಂಗಳೂರಿನಿಂದ ಕ್ರೀಡಾಂಗಣಕ್ಕೆ

ಬನಶಂಕರಿ, ಜೆ.ಪಿ. ನಗರ ಮತ್ತು ಜಯನಗರಗಳಿಂದ ನಮ್ಮ ಮೆಟ್ರೋದ ಹಸಿರು ಮಾರ್ಗದಲ್ಲಿ ಮೆಜೆಸ್ಟಿಕ್‌ನ ನಾಡಪ್ರಭು ಕೆಂಪೇಗೌಡ ನಿಲ್ದಾಣಕ್ಕೆ ಬಂದು, ಅಲ್ಲಿ ವೈಟ್‌ಫೀಲ್ಡ್ ಕಡೆಗಿನ ನೇರಳೆ ಮಾರ್ಗಕ್ಕೆ ಬದಲಿಸಿದರೆ ಕಬ್ಬನ್ ಪಾರ್ಕ್ ನಿಲ್ದಾಣ ತಲುಪಬಹುದು. ಅಲ್ಲಿಂದ ಕ್ರೀಡಾಂಗಣಕ್ಕೆ ನಡೆದೇ ಹೋಗಬಹುದು. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಆರಂಭವಾದ ಮೇಲೆ ಬಿ.ಟಿ.ಎಂ. ಲೇಔಟ್‌ನವರು ರಾಷ್ಟ್ರೀಯ ವಿದ್ಯಾಲಯ ರಸ್ತೆ ನಿಲ್ದಾಣದಲ್ಲಿ ಹಸಿರು ಮಾರ್ಗವನ್ನು ಸೇರಿಕೊಳ್ಳಬಹುದಾಗಿದೆ.

ಪ್ರೇಕ್ಷಕರ ಶಿಷ್ಟಾಚಾರ

ಅಂಕ ನಡೆಯುತ್ತಿರುವಾಗ ಪ್ರೇಕ್ಷಕರು ಮೌನವಾಗಿರಬೇಕು. ಆಟಗಾರರು ಅಂಕಣದ ಬದಿ ಬದಲಿಸುವ ವಿರಾಮದಲ್ಲಿ ಮಾತ್ರ ಆಸನ ಬಿಟ್ಟು ಓಡಾಡುವುದು ವಾಡಿಕೆ. ಮೊಬೈಲ್ ಸದ್ದು ಮಾಡದಂತಿರಬೇಕು. ಫ್ಲ್ಯಾಶ್ ಬಳಸಿ ಚಿತ್ರ ತೆಗೆಯುವಂತಿಲ್ಲ. ಸರ್ವ್ ತಪ್ಪಿದಾಗ ಚಪ್ಪಾಳೆ ತಟ್ಟುವುದನ್ನು ಅಸಭ್ಯವೆಂದು ಪರಿಗಣಿಸಲಾಗುತ್ತದೆ. ಗ್ರ್ಯಾಂಡ್ ಸ್ಲಾಮ್ ಡಬಲ್ಸ್ ನೋಡಿ ಅಭ್ಯಾಸವಾದವರು ಚಾಲೆಂಜರ್ ಡಬಲ್ಸ್‌ನಲ್ಲಿ ಎರಡು ವ್ಯತ್ಯಾಸಗಳನ್ನು ಕಾಣುತ್ತಾರೆ. ಇಲ್ಲಿ ಡ್ಯೂಸ್ ಆದಾಗ ಅಡ್ವಾಂಟೇಜ್ ಇರುವುದಿಲ್ಲ, ಮುಂದಿನ ಒಂದೇ ಅಂಕ ಗೇಮನ್ನು ನಿರ್ಧರಿಸುತ್ತದೆ. ತಲಾ ಒಂದು ಸೆಟ್ ಗೆದ್ದಾಗ ಮೂರನೇ ಸೆಟ್‌ನ ಬದಲು 10 ಅಂಕಗಳ ಟೈಬ್ರೇಕ್ ಆಡಿಸಲಾಗುತ್ತದೆ.

ಪರದೆಯಲ್ಲಿ ಕ್ಯಾಮೆರಾ ಹೆಚ್ಚಾಗಿ ಚೆಂಡನ್ನೇ ಹಿಂಬಾಲಿಸುವುದರಿಂದ ಡಬಲ್ಸ್ ಜೋಡಿಯ ಹೊಂದಾಣಿಕೆ ಪೂರ್ತಿ ಕಾಣುವುದಿಲ್ಲ. ಸರ್ವ್‌ಗೆ ಮುನ್ನ ನೆಟ್ ಬಳಿಯ ಆಟಗಾರ ಬೆನ್ನ ಹಿಂದೆ ಬೆರಳಿನಿಂದ ಸಂಗಾತಿಗೆ ನೀಡುವ ಸಂಜ್ಞೆ, ಚೆಂಡು ಎದುರಾಳಿಯ ಕಡೆ ಹೋದಾಗ ಇಬ್ಬರೂ ಒಟ್ಟಿಗೆ ಸರಿಯುವ ರೀತಿ, ಅಂಕ ಕಳೆದುಕೊಂಡ ಮೇಲಿನ ಕ್ಷಣದ ಮಾತುಕತೆ ಇವು ಕ್ರೀಡಾಂಗಣದ ಆಸನದಿಂದ ಸ್ಪಷ್ಟವಾಗಿ ತಿಳಿಯುತ್ತವೆ. ಇಲ್ಲಿ ಕೆಲವು ಪಂದ್ಯಗಳನ್ನು ಎದುರಿಗೇ ನೋಡಿದವರಿಗೆ ದೂರದ ಹೊರ ಅಂಕಣದ ಅಂಕಪಟ್ಟಿಯನ್ನಷ್ಟೇ ಗಮನಿಸುವಾಗಲೂ ಆಟದ ಚಿತ್ರ ಮನಸ್ಸಿಗೆ ಬರುತ್ತದೆ.