ಮೌಲ್ಯಶ್ರೇಣಿಯೂ ವೃತ್ತಿಯ ಒಲವೂ

ಮಕ್ಕಳ ವೃತ್ತಿಯ ಮಾತು ಬಂದಾಗ ಹಿರಿಯರು ಸಾಮಾನ್ಯವಾಗಿ ಎರಡು ಪ್ರಶ್ನೆಗಳನ್ನು ಕೇಳುವುದುಂಟು: ಇವನಿಗೆ ಏನು ಬರುತ್ತದೆ? ಸಂಬಳವೆಷ್ಟು? ಮೊದಲನೆಯದು ಸಾಮರ್ಥ್ಯಕ್ಕೆ, ಎರಡನೆಯದು ಮಾರುಕಟ್ಟೆಗೆ ಸಂಬಂಧಿಸಿದ್ದು. ಇವೆರಡರ ಹಿಂದೆ ನಿಂತು ನಿರ್ಣಯವನ್ನು ನಡೆಸುವುದು ಮತ್ತೊಂದು. ಬಾಳಿನಲ್ಲಿ ಯಾವುದು ಹಿರಿದು, ಯಾವುದು ಅದರ ತರುವಾಯದ್ದು ಎಂಬ ತಾರತಮ್ಯ. ಇದೇ ಮೌಲ್ಯದೃಷ್ಟಿ.

ಜರ್ಮನಿಯ ಎಡ್ವರ್ಡ್ ಸ್ಪ್ರಾಂಗರ್ 1914ರಲ್ಲಿ ಮನುಷ್ಯರು ಅರಸುವ ಮೌಲ್ಯಗಳನ್ನು ಆರಾಗಿ ವಿಂಗಡಿಸಿದನು: ಜ್ಞಾನ, ಅರ್ಥ, ಸೌಂದರ್ಯ, ಪರಹಿತ, ಅಧಿಕಾರ, ಧರ್ಮ. 1931ರಲ್ಲಿ ಆಲ್‌ಪೋರ್ಟ್ ಮತ್ತು ವರ್ನನ್ ಇದನ್ನು ಅಳೆಯುವ ಪ್ರಶ್ನಾವಳಿಯನ್ನು ರಚಿಸಿದರು. ಮಿಲ್ಟನ್ ರೋಕೀಚ್ 1973ರ ತನ್ನ ಗ್ರಂಥದಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದನು. ಅವನ ಪ್ರಕಾರ ಮೌಲ್ಯಗಳ ಸಂಖ್ಯೆ ಮಿತವಾದುದು. ಅವು ಎಲ್ಲರಲ್ಲಿಯೂ ಇರುತ್ತವೆ. ಭೇದವಿರುವುದು ಅವುಗಳ ಶ್ರೇಣಿಯಲ್ಲಿ. ಆದುದರಿಂದ ತಂದೆಯ ಮಾತನ್ನು ಒಪ್ಪದ ಮಗನು ಮೌಲ್ಯಹೀನನಲ್ಲ. ಅವನ ಶ್ರೇಣಿ ಬೇರೆ, ಅಷ್ಟೆ.

ಈ ಶ್ರೇಣಿಯ ಪಲ್ಲಟವನ್ನು ಮುಂಬಯಿ ಕನ್ನಡಿಗರ ಬಾಳಿನಲ್ಲಿಯೇ ಕಾಣಬಹುದು. ಕರಾವಳಿಯಿಂದ ಬಂದ ಹುಡುಗರು ಹಗಲಿನಲ್ಲಿ ಹೋಟೆಲುಗಳಲ್ಲಿ ದುಡಿದು ರಾತ್ರಿ ಕನ್ನಡ ಶಾಲೆಗಳಲ್ಲಿ ಓದಿದರು. ಹೊತ್ತಿನ ಅನ್ನ, ಊರಿಗೆ ಕಳುಹಿಸುವ ಹಣ ಇವೇ ಅವರಿಗೆ ಮೊದಲು. ಮುಂದಿನ ತಲೆಮಾರಿಗೆ ಬ್ಯಾಂಕಿನ ನೌಕರಿ ಆದರ್ಶವಾಯಿತು. ಕರಾವಳಿಯಲ್ಲಿಯೇ ಹುಟ್ಟಿದ ಕೆನರಾ, ಸಿಂಡಿಕೇಟ್ ಬ್ಯಾಂಕುಗಳು 1969ರಲ್ಲಿಯೂ, ವಿಜಯಾ, ಕಾರ್ಪೊರೇಷನ್ ಬ್ಯಾಂಕುಗಳು 1980ರಲ್ಲಿಯೂ ರಾಷ್ಟ್ರೀಕರಣಗೊಂಡಾಗ ಅಲುಗದ ಕೆಲಸ, ನಾಲ್ಕು ಜನರ ಮನ್ನಣೆ ಎರಡೂ ಒಂದೆಡೆ ದೊರೆತವು.

1970ರಲ್ಲಿ ಸಿಡ್ಕೊ ಸ್ಥಾಪನೆಯಾಗಿ, 1992ರಲ್ಲಿ ಖಾಡಿಯನ್ನು ದಾಟಿ ವಾಶಿಗೆ ರೈಲು ಬಂದ ಮೇಲೆ ನವಿ ಮುಂಬಯಿ ಬೆಳೆಯಿತು. ಸೀವುಡ್ಸಿನ ಸ್ವಂತ ಮನೆಯಲ್ಲಿ ಬೆಳೆದ ತರುಣಿಗೆ ಭದ್ರತೆ ಗಳಿಸಬೇಕಾದ ವಸ್ತುವಲ್ಲ, ಹುಟ್ಟಿನಿಂದ ಬಂದ ನೆಲೆ. ವಿರಳವಾದುದಕ್ಕೇ ಮನುಷ್ಯನು ಹೆಚ್ಚು ಬೆಲೆ ಕೊಡುತ್ತಾನೆಂದು ರೊನಾಲ್ಡ್ ಇಂಗ್ಲ್‌ಹಾರ್ಟ್ 1977ರಲ್ಲಿ ಪ್ರತಿಪಾದಿಸಿದನು. ಅದರಂತೆ ಆಕೆ ಬಿಡುವು, ಸ್ವಾತಂತ್ರ್ಯ, ಕೆಲಸದಲ್ಲಿ ಅರ್ಥ ಇವನ್ನು ಅರಸಬಹುದು. ಬ್ಯಾಂಕಿನ ಪರೀಕ್ಷೆಯನ್ನು ಬಿಟ್ಟು, ಬಡಾವಣೆಯಂಚಿನ ಜೌಗುನೆಲಕ್ಕೆ ಬರುವ ರಾಜಹಂಸಗಳ ರಕ್ಷಣೆಯಂಥ ಕಾರ್ಯಕ್ಕೆ ಒಲಿಯಬಹುದು. ಅದೇ ಬೀದಿಯಲ್ಲಿ ಮನೆಸಾಲದ ಕಂತು ತುಂಬುವ ಕುಟುಂಬದ ಹುಡುಗನಿಗೆ ಸಂಬಳವೇ ಮೊದಲಾದರೆ ಅದು ಲೋಭವಲ್ಲ, ಪರಿಸ್ಥಿತಿ ವಿಧಿಸಿದ ಶ್ರೇಣಿ. ಒಲವೇ ಆಯ್ಕೆಯಲ್ಲವೆಂಬುದನ್ನೂ ಇಲ್ಲಿ ಮರೆಯಲಾಗದು.

ಹಿರಿಯರು ನಂಬಿದ ಭದ್ರತೆಯೂ ಅಚಲವಲ್ಲ. ವಿಜಯಾ ಬ್ಯಾಂಕು 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು 2020ರಲ್ಲಿ ಅನ್ಯ ಬ್ಯಾಂಕುಗಳಲ್ಲಿ ಲೀನವಾದವು. ನೌಕರರು ಉಳಿದರು, ಹೆಸರು ಉಳಿಯಲಿಲ್ಲ. ಇನ್ನು, ವೃತ್ತಿ ಬದಲಾದರೆ ಮೌಲ್ಯವೂ ಬದಲಾಯಿತೆನ್ನಲಾಗದು. ಯಾರ ಕೈಕೆಳಗೂ ದುಡಿಯಲಾರೆನೆಂದು ಹೋಟೆಲು ತೆರೆದ ಅಜ್ಜನ ಸ್ವಾವಲಂಬನೆಯೇ ಮೊಮ್ಮಗಳು ಸ್ಥಾಪಿಸುವ ಪುಟ್ಟ ಸಂಸ್ಥೆಯಲ್ಲಿ ಮರುಹುಟ್ಟು ಪಡೆಯುವುದುಂಟು. ಅಜ್ಜನು ಅದನ್ನು ಗುರುತಿಸದೆ ಹೋದರೆ ಮನೆಯಲ್ಲಿ ಮನಸ್ತಾಪ ಉಳಿಯುತ್ತದೆ. ‘ಯಾವ ಕೆಲಸ?’ ಎಂದು ಕೇಳುವ ಮುನ್ನ ‘ಆ ಕೆಲಸದಲ್ಲಿ ನೀನು ಬಯಸುವುದೇನು?’ ಎಂದು ಕೇಳುವುದು ಈ ಕಾರಣದಿಂದಲೇ ಯುಕ್ತ.