ಪೇಟೆ ಪ್ರಯಾಣದ ಖರ್ಚಿಗೆ ಪುರಾವೆ ಇಡಿರಿ

ರೋಣ, ನರಗುಂದ ಮತ್ತು ಗಜೇಂದ್ರಗಡ ಭಾಗದ ಎರೆಭೂಮಿಯಲ್ಲಿ ಉಳ್ಳಾಗಡ್ಡಿ, ಮೆಣಸಿನಕಾಯಿ, ಹೆಸರು ಬೆಳೆಯುವ ರೈತರಲ್ಲಿ ಕೆಲವರು ನೆರೆಯವರ ಮಾಲನ್ನೂ ಕೊಂಡು ಹುಬ್ಬಳ್ಳಿ, ಬೆಂಗಳೂರು ಪೇಟೆಗಳಿಗೆ ಸಾಗಿಸುತ್ತಾರೆ. ಸ್ವಂತ ಬೆಳೆಯ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ. ಆದರೆ ಕೊಂಡು ಮಾರಿದ ಮಾಲಿನ ಲಾಭವು ವ್ಯಾಪಾರದ ಆದಾಯವಾಗಿದ್ದು, ತೆರಿಗೆಯ ಲೆಕ್ಕಕ್ಕೆ ಬರುತ್ತದೆ. ಈ ಲಾಭದಿಂದ ವ್ಯಾಪಾರದ ಪ್ರಯಾಣ, ಊಟ, ಚಹಾದ ಖರ್ಚನ್ನು ಕಳೆಯಬಹುದು. ತಕರಾರು ಬಂದಲ್ಲಿ ಅದನ್ನು ರುಜುವಾತುಪಡಿಸುವ ಹೊಣೆ ಖರ್ಚು ತೋರಿಸಿದವರದೇ.

ಯಾವ ಖರ್ಚು ಸಲ್ಲುತ್ತದೆ?

1961ರ ಕಾಯ್ದೆಯ 37ನೇ ಕಲಮಿನಂತೆ ಖರ್ಚು ಸಂಪೂರ್ಣವಾಗಿ ವ್ಯಾಪಾರಕ್ಕಾಗಿಯೇ ಆಗಿರಬೇಕು. 2026ರ ಏಪ್ರಿಲ್ 1ರಿಂದ ಅನ್ವಯಿಸುವ 2025ರ ಕಾಯ್ದೆಯಲ್ಲಿಯೂ ಇದೇ ತತ್ವವಿದೆ. ಗಿರಾಕಿಗಳಿಗೆ ರೂಢಿಯಂತೆ ಕೊಡುವ ಸಾದಾ ಊಟ, ಚಹಾ ವ್ಯಾಪಾರದ ಅಗತ್ಯವೆಂದು ಸುಪ್ರೀಂ ಕೋರ್ಟು 1995ರಲ್ಲಿ ಪಟೇಲ್ ಬ್ರದರ್ಸ್ ಪ್ರಕರಣದಲ್ಲಿ ಒಪ್ಪಿದೆ. ಮನೆಯ ಮದುವೆ, ಜಾತ್ರೆಯ ಓಡಾಟ ಇದರಲ್ಲಿ ಸೇರದು.

ಸ್ವಂತ ಬೆಳೆ ಸಾಗಿಸಿದ ಖರ್ಚನ್ನು ವ್ಯಾಪಾರದ ಲಾಭದಿಂದ ಕಳೆಯುವಂತಿಲ್ಲ. ಉದಾಹರಣೆಗೆ, ಲಾರಿಯಲ್ಲಿ 100 ಚೀಲವಿದ್ದು, 40 ಸ್ವಂತದ್ದು, 60 ಕೊಂಡದ್ದು ಎನ್ನೋಣ. ಬಾಡಿಗೆ 15,000 ರೂ. ಆದರೆ ವ್ಯಾಪಾರಕ್ಕೆ ಸಲ್ಲುವುದು 9,000 ರೂ. ಮಾತ್ರ.

ಇಡಬೇಕಾದ ದಾಖಲೆಗಳು

1. ಬಸ್ಸು, ರೈಲಿನ ಟಿಕೆಟು, ಲಾರಿ ಬಾಡಿಗೆ ಪಾವತಿ, ವಸತಿಗೃಹದ ಬಿಲ್ಲು.
2. ಅದೇ ಪ್ರಯಾಣಕ್ಕೆ ಹೊಂದುವ ದಲಾಲಿ ಅಂಗಡಿಯ ಪಟ್ಟಿ ಮತ್ತು ತೂಕದ ಚೀಟಿ. ಹೋದ ಉದ್ದೇಶಕ್ಕೆ ಇದೇ ಬಲವಾದ ಸಾಕ್ಷಿ.
3. ಅಂದಂದೇ ಬರೆದ ದಿನವಹಿ: ಊರು, ಭೇಟಿಯಾದವರು, ಕೆಲಸ, ಮೊತ್ತ.
4. ಬಿಲ್ಲು ಸಿಗದ ಚಹಾದಂತಹ ಸಣ್ಣ ಖರ್ಚಿಗೆ ತಾರೀಖು, ಕಾರಣ ಬರೆದ ಸ್ವಂತ ವೋಚರು. ಇದು ದುರ್ಬಲ ಪುರಾವೆ, ಇದನ್ನೇ ನೆಚ್ಚಬಾರದು.

ಒಬ್ಬರಿಗೆ ಒಂದೇ ದಿನ 10,000 ರೂ.ಗಿಂತ ಹೆಚ್ಚು ನಗದು ಕೊಟ್ಟರೆ ಸಾಮಾನ್ಯವಾಗಿ ಆ ಖರ್ಚು ಸಲ್ಲದು. ಲಾರಿ ಬಾಡಿಗೆಗೆ ಈ ಮಿತಿ 35,000 ರೂ. ಹೆಚ್ಚಿನ ಮೊತ್ತವನ್ನು ಬ್ಯಾಂಕಿನ ಮೂಲಕವೇ ಕೊಡಿರಿ. ವಹಿವಾಟಿನ ಶೇಕಡಾ 8ರಂತೆ ಅಂದಾಜು ಲಾಭ ಘೋಷಿಸುವ ಸಣ್ಣ ವ್ಯಾಪಾರಿಗಳು ಈ ಖರ್ಚುಗಳನ್ನು ಪ್ರತ್ಯೇಕವಾಗಿ ಕಳೆಯಲು ಬರುವುದಿಲ್ಲ.

ತಕರಾರು ಬಂದರೆ

ಅಧಿಕಾರಿ ಖರ್ಚನ್ನು ತಳ್ಳಿಹಾಕಿದರೆ, ತೆರಿಗೆ ಬೇಡಿಕೆಯ ನೋಟೀಸು ತಲುಪಿದ 30 ದಿನಗಳೊಳಗೆ ಮೇಲ್ಮನವಿ ಆಯುಕ್ತರಿಗೆ ಅರ್ಜಿ ಸಲ್ಲಿಸಬೇಕು. ಮುಂದಿನ ಹಂತ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿ. ಹೈಕೋರ್ಟು ಕೇಳುವುದು ಕಾನೂನಿನ ಪ್ರಶ್ನೆಯನ್ನು ಮಾತ್ರ. ಮೊದಲ ವಿಚಾರಣೆಯಲ್ಲಿ ಕೊಡದ ಕಾಗದವನ್ನು ಮುಂದೆ ಸೇರಿಸಲು ತಕ್ಕ ಕಾರಣ ತೋರಿಸಬೇಕಾಗುತ್ತದೆ. ಆದ್ದರಿಂದ ಪೇಟೆಯಿಂದ ಮರಳಿದ ದಿನವೇ ಚೀಟಿಗಳನ್ನು ಒಂದು ಕಡತಕ್ಕೆ ಸೇರಿಸಿ, ದಿನವಹಿ ಬರೆದಿಡುವುದು ಲೇಸು.