ಡಿಎನ್‌ಎ ಕುಡಿದ ನೀರು

ಡಿಎನ್‌ಎ ರಚನೆಯ ಕಥೆಯನ್ನು ಒಂದೇ ಒಂದು ಫೋಟೋದ ಸುತ್ತ ಹೇಳುವುದು ರೂಢಿ. ‘ಫೋಟೋ 51’ ಎಂಬ ಕ್ಷ-ಕಿರಣ ಚಿತ್ರವನ್ನು ಜೇಮ್ಸ್ ವಾಟ್ಸನ್ ಕಂಡರು, ಜೋಡಿ ಸುರುಳಿ ಹೊಳೆಯಿತು, ನೊಬೆಲ್ ಬಂತು. ಚಿತ್ರ ಅದ್ಭುತವಾದದ್ದೇ, ಅನುಮಾನವಿಲ್ಲ. ಆದರೆ ಅದು ಹೇಗೆ ದಕ್ಕಿತು ಎಂದು ನೋಡುತ್ತ ಹೋದರೆ ಎದುರಾಗುವುದು ನೀರು. ಈ ಕಥೆಯಲ್ಲಿ ನೀರಿನ ಪಾತ್ರವನ್ನು ನಾವು ಮರೆತಿದ್ದೇವೆ ಎಂದು ನನಗೆ ಅನಿಸುತ್ತದೆ.

ಡಿಎನ್‌ಎ ಎಂಬ ವಸ್ತು ಬಹಳ ಹಿಂದೆಯೇ ಗೊತ್ತಿತ್ತು. 1869ರಲ್ಲಿ ಫ್ರೀಡ್ರಿಕ್ ಮೀಶರ್ ಜರ್ಮನಿಯ ಟ್ಯೂಬಿಂಗನ್‌ನಲ್ಲಿ, ಆಸ್ಪತ್ರೆಯ ಬ್ಯಾಂಡೇಜುಗಳಿಗೆ ಅಂಟಿದ್ದ ಕೀವಿನ ಕೋಶಗಳಿಂದ ಅದನ್ನು ಬೇರ್ಪಡಿಸಿದ್ದರು. ಅನುವಂಶೀಯ ಗುಣಗಳನ್ನು ದಾಟಿಸುವುದು ಇದೇ ಎಂಬುದಕ್ಕೆ ಗಟ್ಟಿ ಪುರಾವೆ ಸಿಕ್ಕಿದ್ದು ಮಾತ್ರ 1944ರಲ್ಲಿ, ನ್ಯೂಯಾರ್ಕಿನಲ್ಲಿ ಆಸ್ವಾಲ್ಡ್ ಏವರಿ ಮತ್ತು ಅವರ ಸಂಗಡಿಗರಿಂದ. ಅಲ್ಲಿಂದ ಮುಂದಿನ ಪ್ರಶ್ನೆ ಅದರ ಆಕಾರದ್ದು.

1951ರ ಜನವರಿಯಲ್ಲಿ ರೋಸಲಿಂಡ್ ಫ್ರಾಂಕ್ಲಿನ್ ಲಂಡನ್ನಿನ ಕಿಂಗ್ಸ್ ಕಾಲೇಜಿಗೆ ಬಂದರು. ಅದಕ್ಕೂ ಮುಂಚೆ ಅವರು ಕಲ್ಲಿದ್ದಲಿನ ಸೂಕ್ಷ್ಮ ರಂಧ್ರಗಳನ್ನು ಅಭ್ಯಾಸ ಮಾಡಿದವರು, ಪ್ಯಾರಿಸ್ಸಿನಲ್ಲಿ ಇಂಗಾಲದ ಮೇಲೆ ಕ್ಷ-ಕಿರಣ ಹಾಯಿಸಿ ಪಳಗಿದವರು. ಅವರ ಕೈಗೆ ಬಂದ ಡಿಎನ್‌ಎ, ಸ್ವಿಟ್ಜರ್ಲೆಂಡಿನ ರುಡಾಲ್ಫ್ ಸಿಗ್ನರ್ ಕರುವಿನ ಥೈಮಸ್ ಗ್ರಂಥಿಯಿಂದ ತೆಗೆದು ಕೊಟ್ಟ ಉತ್ಕೃಷ್ಟ ಮಾದರಿ. ಒದ್ದೆ ಮಾಡಿ ಎಳೆದರೆ ಅದು ಕೂದಲಿಗಿಂತ ಸಣ್ಣ ನೂಲಾಗುತ್ತಿತ್ತು.

ಫ್ರಾಂಕ್ಲಿನ್ ಮಾಡಿದ ದೊಡ್ಡ ಕೆಲಸ, ಆ ನೂಲಿನ ಸುತ್ತಲಿನ ತೇವವನ್ನು ಹಿಡಿತಕ್ಕೆ ತಂದದ್ದು. ಉಪ್ಪಿನ ದ್ರಾವಣಗಳ ಮೂಲಕ ಹೈಡ್ರೋಜನ್ ಅನಿಲವನ್ನು ಹಾಯಿಸಿ ಕ್ಯಾಮೆರಾದೊಳಕ್ಕೆ ಬಿಟ್ಟರು. ಯಾವ ದ್ರಾವಣ ಎನ್ನುವುದರ ಮೇಲೆ ಒಳಗಿನ ಆರ್ದ್ರತೆ ನಿಲ್ಲುತ್ತಿತ್ತು. ಸುಮಾರು 75 ಪ್ರತಿಶತ ಆರ್ದ್ರತೆಯಲ್ಲಿ ಡಿಎನ್‌ಎ ಹರಳಿನಂತೆ ಅಚ್ಚುಕಟ್ಟಾಗಿ ಕೂರುತ್ತಿತ್ತು. ಇದು ‘ಎ’ ರೂಪ. ತೇವ ಹೆಚ್ಚಿಸಿದರೆ ನೂಲು ನೀರು ಹೀರಿ ಉದ್ದವಾಗಿ ‘ಬಿ’ ರೂಪಕ್ಕೆ ತಿರುಗುತ್ತಿತ್ತು. ಅದಕ್ಕೂ ಹಿಂದಿನ ಚಿತ್ರಗಳು ಕಲಸಿಹೋದಂತೆ ಕಾಣುತ್ತಿದ್ದದ್ದಕ್ಕೆ ಈಗ ಕಾರಣ ತಿಳಿಯಿತು. ಅವುಗಳಲ್ಲಿ ಎರಡೂ ರೂಪಗಳು ಬೆರೆತಿದ್ದವು.

ನೀರು ಇಷ್ಟು ಸಲೀಸಾಗಿ ಒಳಬಂದು ಹೊರಹೋಗುವುದಾದರೆ, ನೀರನ್ನು ಸೆಳೆಯುವ ಫಾಸ್ಫೇಟ್ ಗುಂಪುಗಳು ಅಣುವಿನ ಹೊರಮೈಯಲ್ಲೇ ಇರಬೇಕು. 1951ರ ನವೆಂಬರಿನಲ್ಲಿ ತಮ್ಮ ಫಲಿತಾಂಶಗಳ ಬಗ್ಗೆ ಫ್ರಾಂಕ್ಲಿನ್ ಉಪನ್ಯಾಸ ಕೊಟ್ಟಾಗ ವಾಟ್ಸನ್ ಸಭೆಯಲ್ಲಿದ್ದರು, ಆದರೆ ಟಿಪ್ಪಣಿ ಮಾಡಿಕೊಳ್ಳಲಿಲ್ಲ. ಕೇಂಬ್ರಿಡ್ಜಿಗೆ ಮರಳಿ ಫ್ರಾನ್ಸಿಸ್ ಕ್ರಿಕ್ ಜೊತೆ ಕಟ್ಟಿದ ಮಾದರಿಯಲ್ಲಿ ಮೂರು ಎಳೆಗಳಿದ್ದವು, ಫಾಸ್ಫೇಟುಗಳು ನಡುವೆ ಸಿಕ್ಕಿಕೊಂಡಿದ್ದವು, ನೀರಿನ ಲೆಕ್ಕ ತೀರಾ ಕಡಿಮೆಯಾಗಿತ್ತು. ಅದನ್ನು ನೋಡಲು ಬಂದ ಫ್ರಾಂಕ್ಲಿನ್‌ಗೆ ತಪ್ಪು ತಕ್ಷಣ ಕಂಡಿತು. ಕೇಂಬ್ರಿಡ್ಜ್ ಪ್ರಯೋಗಾಲಯದ ಮುಖ್ಯಸ್ಥ ಲಾರೆನ್ಸ್ ಬ್ರ್ಯಾಗ್, ವಾಟ್ಸನ್ ಮತ್ತು ಕ್ರಿಕ್ ಇಬ್ಬರಿಗೂ ಡಿಎನ್‌ಎ ಕೆಲಸ ನಿಲ್ಲಿಸುವಂತೆ ಹೇಳಿದರು.

1952ರ ಮೇ ತಿಂಗಳಲ್ಲಿ, ಫ್ರಾಂಕ್ಲಿನ್ ಮಾರ್ಗದರ್ಶನದಲ್ಲಿದ್ದ ವಿದ್ಯಾರ್ಥಿ ರೇಮಂಡ್ ಗೋಸ್ಲಿಂಗ್ ತೇವಭರಿತ ‘ಬಿ’ ರೂಪದ ಚಿತ್ರ ತೆಗೆದರು. ಅದೇ ಫೋಟೋ 51. ಕ್ಷ-ಕಿರಣ ಅಣುವಿನ ಚಹರೆಯನ್ನು ನೇರವಾಗಿ ತೋರಿಸುವುದಿಲ್ಲ. ಪರಮಾಣುಗಳಿಗೆ ತಾಗಿ ಚದುರಿದ ಕಿರಣಗಳು ಫಿಲ್ಮಿನ ಮೇಲೆ ಚುಕ್ಕೆಗಳಾಗಿ ಬೀಳುತ್ತವೆ. ನಡುವಿನ ಕತ್ತರಿ ಗುರುತು ಸುರುಳಿಯ ಸಾಕ್ಷಿ. ಚುಕ್ಕೆಗಳ ಅಂತರ ಅಳೆದರೆ ಒಂದು ಸುತ್ತಿನ ಎತ್ತರ 3.4 ನ್ಯಾನೊಮೀಟರ್ ಎಂದೂ, ಒಂದರ ಮೇಲೊಂದು ಪೇರಿಸಿದ ಪ್ರತ್ಯಾಮ್ಲಗಳ (ಬೇಸ್) ನಡುವೆ 0.34 ನ್ಯಾನೊಮೀಟರ್ ಎಂದೂ ಸಿಗುತ್ತದೆ. ಅಂದರೆ ಸುತ್ತಿಗೆ ಹತ್ತು.

1953ರ ಜನವರಿ ಕೊನೆಯಲ್ಲಿ ಕಿಂಗ್ಸ್ ಕಾಲೇಜಿನವರೇ ಆದ ಮಾರಿಸ್ ವಿಲ್ಕಿನ್ಸ್ ಈ ಚಿತ್ರವನ್ನು ಫ್ರಾಂಕ್ಲಿನ್‌ಗೆ ತಿಳಿಸದೆ ವಾಟ್ಸನ್‌ಗೆ ತೋರಿಸಿದರು. ಆದರೆ ನನ್ನ ದೃಷ್ಟಿಯಲ್ಲಿ ಅದಕ್ಕಿಂತ ಮುಖ್ಯವಾದದ್ದು, ಕಿಂಗ್ಸ್ ಕಾಲೇಜಿನ ಕೆಲಸದ ಕುರಿತು ಸಂಶೋಧನಾ ಮಂಡಳಿಗಾಗಿ ತಯಾರಿಸಿದ ವರದಿ. ಕೇಂಬ್ರಿಡ್ಜಿನ ಮ್ಯಾಕ್ಸ್ ಪೆರುಟ್ಜ್ ಮೂಲಕ ಅದು ಕ್ರಿಕ್ ಕೈಗೆ ಬಂತು. ‘ಎ’ ರೂಪದ ಹರಳಿನ ಸಮ್ಮಿತಿ ಯಾವ ಬಗೆಯದೆಂದು ಫ್ರಾಂಕ್ಲಿನ್ ಅದರಲ್ಲಿ ದಾಖಲಿಸಿದ್ದರು. ಕ್ರಿಕ್ ಸ್ವತಃ ಅಭ್ಯಾಸ ಮಾಡುತ್ತಿದ್ದ ಕುದುರೆಯ ಹಿಮೋಗ್ಲೋಬಿನ್ ಹರಳಿಗೂ ಅದೇ ಸಮ್ಮಿತಿ. ತಲೆಕೆಳಗು ಮಾಡಿದರೂ ಹಾಗೆಯೇ ಕಾಣುವ ಅಣು ಇದು ಎಂದರೆ, ಎರಡು ಎಳೆಗಳು ವಿರುದ್ಧ ದಿಕ್ಕಿನಲ್ಲಿ ಸಾಗುತ್ತವೆ ಎಂದು ಅವರು ತಿಳಿದರು. ತೇವದ ರೂಪ ಸುರುಳಿಯನ್ನು ಹೇಳಿತು, ಒಣಗಿದ ರೂಪ ದಿಕ್ಕನ್ನು ಹೇಳಿತು. ಎರಡನ್ನೂ ಬೇರ್ಪಡಿಸಿದ ಕೈ ಒಂದೇ. ವರದಿ ಗುಟ್ಟಿನದೇನಲ್ಲ, ನಿಜ. ಆದರೂ ಬಳಸುವ ಮುಂಚೆ ಫ್ರಾಂಕ್ಲಿನ್ ಅವರನ್ನು ಒಂದು ಮಾತು ಕೇಳಬೇಕಿತ್ತು.

ಉಳಿದದ್ದು ಕೇಂಬ್ರಿಡ್ಜಿನವರ ಸ್ವಂತ ಜಾಣ್ಮೆ. ಪ್ರತ್ಯಾಮ್ಲಗಳಲ್ಲಿ ಅಡೆನಿನ್‌ನಷ್ಟೇ ಥೈಮಿನ್, ಗ್ವಾನಿನ್‌ನಷ್ಟೇ ಸೈಟೊಸಿನ್ ಇರುತ್ತದೆ ಎಂದು ಎರ್ವಿನ್ ಶಾರ್ಗಾಫ್ ಮೊದಲೇ ತೋರಿಸಿದ್ದರು. ಪಠ್ಯಪುಸ್ತಕಗಳಲ್ಲಿದ್ದ ಪ್ರತ್ಯಾಮ್ಲಗಳ ರೂಪವೇ ತಪ್ಪು ಎಂದು ರಸಾಯನ ವಿಜ್ಞಾನಿ ಜೆರ್ರಿ ಡೊನೊಹ್ಯು ತಿದ್ದಿದರು. ಫೆಬ್ರವರಿ 28ರಂದು ವಾಟ್ಸನ್ ಪ್ರತ್ಯಾಮ್ಲಗಳ ಆಕಾರದ ರಟ್ಟಿನ ತುಂಡುಗಳನ್ನು ಜೋಡಿಸುತ್ತಿದ್ದಾಗ ಎರಡೂ ಜೋಡಿಗಳು ಒಂದೇ ಅಳತೆಗೆ ಬಂದವು. ಒಂದು ಎಳೆ ಗೊತ್ತಾದರೆ ಇನ್ನೊಂದನ್ನು ಬರೆಯಬಹುದು. ಜೀವ ತನ್ನ ನಕಲು ಮಾಡಿಕೊಳ್ಳುವ ದಾರಿ ಅಲ್ಲಿ ತೆರೆದುಕೊಂಡಿತು.

ಏಪ್ರಿಲ್ 25ರ ‘ನೇಚರ್’ ಸಂಚಿಕೆಯಲ್ಲಿ ಮೂರು ಪ್ರಬಂಧಗಳು ಒಟ್ಟಿಗೆ ಬಂದವು, ಮೂರನೆಯದು ಫ್ರಾಂಕ್ಲಿನ್ ಮತ್ತು ಗೋಸ್ಲಿಂಗ್ ಅವರದು. ಅಷ್ಟರಲ್ಲಿ ಫ್ರಾಂಕ್ಲಿನ್ ಬರ್ಕ್‌ಬೆಕ್ ಕಾಲೇಜಿಗೆ ಹೋಗಿ ವೈರಸ್‌ಗಳ ರಚನೆಯತ್ತ ತಿರುಗಿದ್ದರು. 1958ರಲ್ಲಿ ಕ್ಯಾನ್ಸರ್ ಅವರನ್ನು ಕೊಂಡೊಯ್ದಾಗ ವಯಸ್ಸು 37. ನೊಬೆಲ್ ಬಂದದ್ದು 1962ರಲ್ಲಿ, ವಾಟ್ಸನ್, ಕ್ರಿಕ್, ವಿಲ್ಕಿನ್ಸ್ ಮೂವರಿಗೆ.

ಫ್ರಾಂಕ್ಲಿನ್ ಅವರ ಸಹೋದ್ಯೋಗಿ ಆರನ್ ಕ್ಲಗ್ ಮುಂದೆ ಅವರ ಕಾಗದಪತ್ರಗಳಲ್ಲಿ ಒಂದು ಕರಡನ್ನು ಕಂಡರು. ಬರೆದ ದಿನ 1953ರ ಮಾರ್ಚ್ 17, ಕೇಂಬ್ರಿಡ್ಜಿನ ಹಸ್ತಪ್ರತಿ ಕಿಂಗ್ಸ್ ಕಾಲೇಜಿಗೆ ತಲುಪುವ ಹಿಂದಿನ ದಿನ. ‘ಬಿ’ ರೂಪ ಎರಡೆಳೆಯ ಸುರುಳಿ ಎಂದೂ, ಫಾಸ್ಫೇಟುಗಳು ಹೊರಗಿವೆ ಎಂದೂ ಅದರಲ್ಲಿ ಇತ್ತು. ಪ್ರತ್ಯಾಮ್ಲಗಳ ನಿಖರ ಜೋಡಣೆ ಅವರಿಗೆ ಇನ್ನೂ ಸಿಕ್ಕಿರಲಿಲ್ಲ.